ಮೂರು ದಿನದಿಂದ ಒಂದೇ ಬಗ್. ಅನುಮಾನ ಇರುವುದು ಸೀನಿಯರ್ ಬರೆದ ಕೋಡ್ ಮೇಲೆ. ಹೇಗೆ ಕೇಳಲಿ?

ಧಾರವಾಡ_ಮಳೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಾನು ಹುಬ್ಬಳ್ಳಿಯ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಕೆಲಸಕ್ಕೆ ಸೇರಿ ಎರಡು ವರ್ಷ ಆಯಿತು. ಒಟ್ಟು ಆರು ಜನ ಇದ್ದೇವೆ. ಹಳ್ಳಿಯ ಸಹಕಾರ ಸಂಘಗಳಿಗೆ ಸದಸ್ಯರ ಪಟ್ಟಿ, ಸಾಲದ ಲೆಕ್ಕ, ರಸೀದಿ ಇವನ್ನೆಲ್ಲ ನೋಡಿಕೊಳ್ಳುವ ಸಾಫ್ಟ್‌ವೇರ್ ನಮ್ಮದು. ಈಗ ನನಗೆ ಕೊಟ್ಟಿರುವುದು ಹುಡುಕುವ ಭಾಗ. ಸಂಘದ ಕಾರ್ಯದರ್ಶಿ ಕನ್ನಡದಲ್ಲಿ ಹೆಸರು ಟೈಪ್ ಮಾಡಿದರೆ ಆ ಸದಸ್ಯರ ಖಾತೆ ತೆರೆಯಬೇಕು. ಅಷ್ಟೇ.

ನನ್ನ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಸರಿ ಇದೆ. ನಾನೇ ಐವತ್ತು ಹೆಸರು ಟೈಪ್ ಮಾಡಿ ಹಾಕಿ ನೋಡಿದೆ, ಒಂದೂ ತಪ್ಪಲಿಲ್ಲ. ಆದರೆ ಒಂದು ಸಂಘದ ನಿಜವಾದ ಡೇಟಾ ಮೇಲೆ ಓಡಿಸಿದರೆ ಕೆಲವು ಹೆಸರು ಸಿಗುವುದೇ ಇಲ್ಲ. ರಾಮಣ್ಣ ಸಿಗುತ್ತಾರೆ. ಮೂಕಪ್ಪ ಸಿಗುತ್ತಾರೆ. ಗೌರಮ್ಮ ಸಿಗುತ್ತಾರೆ. ಗೋಪಾಲ ಸಿಗುವುದಿಲ್ಲ, ಲೀಲಾವತಿ ಸಿಗುವುದಿಲ್ಲ, ದೇವಪ್ಪ ಸಿಗುವುದಿಲ್ಲ. ಪಟ್ಟಿ ತೆರೆದು ಕೆಳಗೆ ಹೋದರೆ ಮೂವರೂ ಅಲ್ಲೇ ಇದ್ದಾರೆ! ಪರದೆ ಮೇಲೆ ಅಕ್ಷರ ಒಂದೇ ಥರ ಕಾಣುತ್ತದೆ.

ದೀರ್ಘ ಇರುವ ಹೆಸರುಗಳಿಗೆ ಮಾತ್ರ ಹೀಗೆ ಆಗುತ್ತಿದೆ ಅಂತ ಮೊದಲು ಅಂದುಕೊಂಡೆ. ಆದರೆ ರಾಮಣ್ಣನಲ್ಲೂ ದೀರ್ಘ ಇದೆ, ಮೂಕಪ್ಪನಲ್ಲೂ ಇದೆ. ಅವರು ಸಿಗುತ್ತಾರೆ. ಮತ್ತೆ ಕೊಟ್ರಪ್ಪ ಅಂತ ಒಬ್ಬರು ಇದ್ದಾರೆ, ಅಲ್ಲಿ ಹ್ರಸ್ವ. ಅವರೂ ಸಿಗುವುದಿಲ್ಲ. ಶೈಲಜಾ ಕೂಡ ಇಲ್ಲ. ಅಲ್ಲಿಗೆ ನನ್ನ ಲೆಕ್ಕವೆಲ್ಲ ತಪ್ಪಿತು. ಸೋಮವಾರದಿಂದ ಇವತ್ತಿನವರೆಗೆ ಇದರಲ್ಲೇ ಇದ್ದೇನೆ. ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿ, ಅಂದರೆ ಇಂಡೆಕ್ಸ್, ಅಳಿಸಿ ಮತ್ತೆ ಕಟ್ಟಿದೆ. ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್‌ನ ಕೊಲೇಷನ್ (ಅಕ್ಷರಗಳನ್ನು ಹೋಲಿಸುವ ನಿಯಮ) ಬದಲಿಸಿದೆ. ಹೆಸರಿನ ಹಿಂದೆ ಮುಂದೆ ಖಾಲಿ ಜಾಗ ಇದೆಯೇನೋ ಅಂತ ಅದನ್ನೂ ತೆಗೆದೆ. ಏನೂ ಆಗಲಿಲ್ಲ.

ಈಗ ನಿಜವಾದ ತೊಂದರೆ ಹೇಳುತ್ತೇನೆ. ಸಂಘದವರು ಆ ಹೆಸರುಗಳನ್ನು ಹಿಂದೆ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದರು, ಈಗ ಎಲ್ಲ ಕಡೆ ಬಳಸುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿ ಅಲ್ಲ. ಅದನ್ನು ಯೂನಿಕೋಡ್‌ಗೆ ತಿರುಗಿಸುವ ಸ್ಕ್ರಿಪ್ಟ್ ಒಂದಿದೆ. ಬರೆದವರು ನಮ್ಮ ಸೀನಿಯರ್. ಕಂಪನಿ ಶುರುವಾದಾಗಿನಿಂದ ಇರುವವರು. ತುಂಬಾ ಒಳ್ಳೆಯವರು, ಆದರೆ ಜಾಸ್ತಿ ಮಾತಾಡುವುದಿಲ್ಲ. ನನ್ನ ಅನುಮಾನ ಎಲ್ಲ ಆ ಸ್ಕ್ರಿಪ್ಟ್ ಮೇಲೆ. ಆದರೆ ಖಾತ್ರಿ ಇಲ್ಲ. ಎರಡು ವರ್ಷ ಅನುಭವದ ಹುಡುಗಿ ಹೋಗಿ ಹದಿನೈದು ವರ್ಷ ಅನುಭವ ಇರುವವರಿಗೆ ನಿಮ್ಮ ಕೋಡ್‌ನಲ್ಲಿ ತಪ್ಪಿರಬಹುದು ಅಂತ ಹೇಗೆ ಹೇಳುವುದು? ನನ್ನದೇ ತಪ್ಪು ಅಂತ ಆಮೇಲೆ ಗೊತ್ತಾದರೆ? ಮೂರು ದಿನದಿಂದ ದಿನದ ಸ್ಟ್ಯಾಂಡಪ್ ಮೀಟಿಂಗ್‌ನಲ್ಲಿ "ಇವತ್ತು ಮುಗಿಯುತ್ತದೆ ಸರ್" ಅಂತ ಹೇಳುತ್ತಿದ್ದೇನೆ. ಇವತ್ತು ಹಾಗೆ ಹೇಳುವಾಗ ಗಂಟಲು ಕಟ್ಟಿತು.

ಬಗ್‌ಗೆ ಉತ್ತರ ಗೊತ್ತಿದ್ದವರು ಹೇಳಿ. ಅದಕ್ಕಿಂತ ಜಾಸ್ತಿ, ಇಂಥ ಹೊತ್ತಲ್ಲಿ ನೀವು ಹೇಗೆ ಕೇಳುತ್ತೀರಿ ಅಂತ ಹೇಳಿ.

---

ಬೈಟ್_ಎಣಿಕೆ:

ಮೊದಲು ಒಂದು ಸಣ್ಣ ಕೆಲಸ ಮಾಡಿ ನೋಡಿ ಮೇಡಂ. ಕಣ್ಣಿಗೆ ಒಂದೇ ಥರ ಕಾಣುವುದನ್ನು ನಂಬಬೇಡಿ. ಡೇಟಾದಲ್ಲಿರುವ ಗೋಪಾಲ ಮತ್ತು ನೀವು ಟೈಪ್ ಮಾಡಿದ ಗೋಪಾಲ, ಎರಡರ ಉದ್ದವನ್ನೂ ಪೋಸ್ಟ್‌ಗ್ರೆಸ್‌ನಲ್ಲೇ ಅಳೆಯಿರಿ. ನೀವು ಟೈಪ್ ಮಾಡಿದ್ದು 5 ಬರಬೇಕು: ಗ, ಓ ಸ್ವರದ ಗುರುತು, ಪ, ಆ ಸ್ವರದ ಗುರುತು, ಲ. ಯೂನಿಕೋಡನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಕೋಡ್‌ಗೂ 3 ಬೈಟ್, ಅಂದರೆ 15 ಬೈಟ್. ಡೇಟಾದ್ದು ಎಷ್ಟು ಬರುತ್ತದೆ ಅಂತ ಇಲ್ಲಿ ಹಾಕಿ. ಕಾರಣ ಏನಿರಬಹುದು ಅಂತ ಒಂದು ಊಹೆ ಇದೆ. ಅಂಕಿ ನೋಡದೆ ಹೇಳಲಾರೆ.

---

ಹಳೇ_ಟರ್ಮಿನಲ್:

ಅಂಕಿ ಬರುವವರೆಗೆ ನಿಮ್ಮ ಎರಡನೇ ಪ್ರಶ್ನೆಗೆ ಬರುತ್ತೇನೆ. ಅದು ನನಗೆ ತುಂಬಾ ಹತ್ತಿರದ ವಿಷಯ.

ನಾನು ಮೈಸೂರಿನವನು. ಈ ಕೆಲಸಕ್ಕೆ ಬಂದು ಇಪ್ಪತ್ತು ವರ್ಷ ದಾಟಿತು. 2011ರಲ್ಲಿ ಬೆಂಗಳೂರಿನ ಒಂದು ಆಫೀಸ್‌ನಲ್ಲಿದ್ದೆ. ಹಣ ಪಾವತಿಯ ವ್ಯವಸ್ಥೆ. ದಿನದ ಕೊನೆಗೆ ನಮ್ಮ ಮೊತ್ತ ಮತ್ತು ಬ್ಯಾಂಕಿನ ಮೊತ್ತ ತಾಳೆ ಆಗಬೇಕು. ಒಂದು ಬುಧವಾರದಿಂದ ಆಗುವುದು ನಿಂತಿತು. ದಿನಾ ಸ್ವಲ್ಪ ವ್ಯತ್ಯಾಸ. ಒಂದು ದಿನ ನಮ್ಮದು ಜಾಸ್ತಿ, ಮರುದಿನ ಅವರದು ಜಾಸ್ತಿ.

ಡೇಟಾಬೇಸ್ ತಂಡದಲ್ಲಿ ಒಬ್ಬರು ಹಿರಿಯರಿದ್ದರು. ನಾವೆಲ್ಲ ಅಕ್ಕ ಅನ್ನುತ್ತಿದ್ದೆವು. ಅವರೂ ನಾನೂ ಕೂತೆವು. ಅವರು ಮೊದಲು ಕೇಳಿದ್ದು ಇದನ್ನು: "ಈಚೆಗೆ ಏನಾದರೂ ಬದಲಾಯಿಸಿದ್ದೀಯೇನಪ್ಪಾ?" ನಾನು ಇಲ್ಲ ಅಂದೆ.

ಬದಲಾಯಿಸಿದ್ದೆ. ಹತ್ತು ದಿನ ಹಿಂದೆ ರಾತ್ರಿ ಹನ್ನೊಂದು ಗಂಟೆಗೆ ಒಂದು ಸರ್ವರ್‌ನ ಲಾಗ್ ಓದುತ್ತಿದ್ದೆ. ಸಮಯವೆಲ್ಲ ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣಿತ ಸಮಯದಲ್ಲಿ ಇತ್ತು. ಪ್ರತಿ ಸಾಲಿಗೂ ಐದೂವರೆ ಗಂಟೆ ಕೂಡಿಸಿ ಕೂಡಿಸಿ ಸಾಕಾಗಿ, ಆ ಸರ್ವರ್‌ನ ಟೈಮ್ ಝೋನನ್ನು ಭಾರತದ ಸಮಯಕ್ಕೆ ತಿರುಗಿಸಿಬಿಟ್ಟೆ. ಕೆಲಸ ಮುಗಿದ ಮೇಲೆ ವಾಪಸ್ ಹಾಕಬೇಕು ಅಂದುಕೊಂಡೆ, ಹಾಕಲಿಲ್ಲ. ಯಾರಿಗೂ ಹೇಳಲಿಲ್ಲ. ಅದಾಗಿ ಒಂದು ವಾರ ಎಲ್ಲ ಸರಿಯಾಗೇ ನಡೆದಿತ್ತಲ್ಲ, ಹಾಗಾಗಿ ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಅಕ್ಕ ಕೇಳಿದಾಗ ಅದು ನೆನಪಿಗೆ ಬರಲಿಲ್ಲ ಅಂತಲ್ಲ. ಬಂತು. ಹೇಳಲು ಬಾಯಿ ಬರಲಿಲ್ಲ.

ಎರಡು ದಿನ ಅವರು ನನ್ನ ಕೋಡ್ ಸಾಲು ಸಾಲಾಗಿ ಓದಿದರು. ನನ್ನ "ಇಲ್ಲ" ಅನ್ನುವ ಮಾತನ್ನು ನಂಬಿ ಓದಿದರು. ಆ ಒಂದು ಜಾಗ ಬಿಟ್ಟು ಬೇರೆಲ್ಲ ಕಡೆ ಹುಡುಕಿದರು. ನಾನೂ ಪಕ್ಕದಲ್ಲಿ ಕೂತು ಹುಡುಕುತ್ತಿದ್ದೆ, ಆದರೆ ನನ್ನ ತಲೆಯ ಅರ್ಧ ಭಾಗ ಆ ಜಾಗಕ್ಕೆ ಯಾರೂ ಹೋಗದಂತೆ ಕಾಯುತ್ತಿತ್ತು. ಆ ಸ್ಥಿತಿಯಲ್ಲಿ ಯಾವ ಬಗ್ಗೂ ಸಿಗುವುದಿಲ್ಲ ತಂಗಿ. ಎಷ್ಟು ಬುದ್ಧಿ ಇದ್ದರೂ ಸಿಗುವುದಿಲ್ಲ.

ಮೂರನೇ ದಿನ ಕೆಳಗೆ ಟೀ ಅಂಗಡಿಯಲ್ಲಿ ಹೇಳಿದೆ. ಲೋಟ ಕೈಯಲ್ಲೇ ಇತ್ತು. ಅಕ್ಕ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ "ಮಂಗಳವಾರ ರಾತ್ರಿ ಆ ಸರ್ವರ್ ರೀಸ್ಟಾರ್ಟ್ ಮಾಡಿದ್ದರು, ಅಲ್ವಾ?" ಅಂದರು. ಅಷ್ಟೇ ಸಾಕಾಯಿತು. ಓಡುತ್ತಿರುವ ಪ್ರೋಗ್ರಾಂ ಸಾಮಾನ್ಯವಾಗಿ ಶುರುವಿನಲ್ಲಿ ಓದಿಕೊಂಡ ಟೈಮ್ ಝೋನನ್ನೇ ಇಟ್ಟುಕೊಂಡಿರುತ್ತದೆ. ನಾನು ಬದಲಾಯಿಸಿದ್ದು ಒಂದು ವಾರ ಸುಮ್ನೆ ಬಿದ್ದಿತ್ತು, ರೀಸ್ಟಾರ್ಟ್ ಆದ ಮೇಲೆ ಜೀವ ಬಂತು. ಎರಡು ಸರ್ವರ್‌ಗಳಲ್ಲಿ ಒಂದು ಯುಟಿಸಿ ಬರೆಯುತ್ತಿತ್ತು, ಇನ್ನೊಂದು ಭಾರತದ ಸಮಯ. ಟೇಬಲ್‌ನಲ್ಲಿ ಝೋನ್ ಬರೆದಿಡುವ ಕಾಲಂ ಇರಲಿಲ್ಲ. ನಮ್ಮಲ್ಲಿ ಮಧ್ಯರಾತ್ರಿಯಿಂದ ಬೆಳಗಿನ ಐದೂವರೆವರೆಗೆ ಆದ ವ್ಯವಹಾರ ಒಂದು ಸರ್ವರ್‌ಗೆ ಇವತ್ತಿನದು, ಇನ್ನೊಂದಕ್ಕೆ ನಿನ್ನೆಯದು. ಮೇಲೆ ಬಂದು ನೋಡಿದೆವು. ಇಪ್ಪತ್ತು ನಿಮಿಷದಲ್ಲಿ ಕಾರಣ ಕೈಯಲ್ಲಿತ್ತು. ಹಾಳಾದ ದಾಖಲೆಗಳನ್ನು ಸರಿಪಡಿಸಲು ಮಾತ್ರ ಶನಿವಾರ ಪೂರ್ತಿ ಹಿಡಿಯಿತು. ಅಕ್ಕನೂ ಬಂದು ಕೂತರು.

ಅವರು ಬಯ್ಯಲಿಲ್ಲ ಅನ್ನುವುದು ದೊಡ್ಡ ಮಾತೇ. ಆದರೆ ನನ್ನನ್ನು ಬದಲಾಯಿಸಿದ್ದು ಅದಲ್ಲ. ಒಂದೆರಡು ತಿಂಗಳಾದ ಮೇಲೆ ಅವರೇ ನನ್ನ ಸೀಟಿಗೆ ಬಂದರು. ದನಿ ತಗ್ಗಿಸಿ, "ಒಂದು ಇಂಡೆಕ್ಸ್ ಬೇಡ ಅಂತ ತೆಗೆದೆ ಕಣಪ್ಪಾ, ಈಗ ಒಂದು ರಿಪೋರ್ಟ್ ಓಡುತ್ತಲೇ ಇಲ್ಲ. ಸ್ವಲ್ಪ ಜೊತೆ ಕೂರ್ತೀಯಾ?" ಅಂದರು. ನನ್ನನ್ನು! ಆ ಆಫೀಸ್‌ನಲ್ಲಿ ಡೇಟಾಬೇಸ್ ಬಗ್ಗೆ ಅವರಿಗಿಂತ ತಿಳಿದವರು ಯಾರೂ ಇರಲಿಲ್ಲ. ನಾನು ಅವತ್ತು ಅವರಿಗೆ ಹೇಳಿಕೊಟ್ಟಿದ್ದು ಏನೂ ಇಲ್ಲ. ಅವರು ಜೋರಾಗಿ ಹೇಳುತ್ತಾ ಹೋದರು, ನಾನು ನಡುನಡುವೆ "ಇದು ಯಾಕೆ ಅಕ್ಕಾ" ಅಂತ ಕೇಳುತ್ತಾ ಹೋದೆ, ಅವರಿಗೇ ಹೊಳೆಯಿತು. ಅದಾದ ಮೇಲೆ ಅವರ ಹತ್ತಿರ ಏನನ್ನು ಹೇಳಲೂ ನನಗೆ ಅಂಜಿಕೆ ಆಗಲಿಲ್ಲ. ಅವರೂ ತಮ್ಮದನ್ನು ನನ್ನ ಮುಂದೆ ಬಿಚ್ಚಿಟ್ಟಿದ್ದರು ನೋಡಿ.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಕೆಲಸ ಎಲ್ಲಿ ನಿಂತಿರುತ್ತದೋ ಆ ಜಾಗ ಯಾವಾಗಲೂ ನಾವು ನೋಡುವುದನ್ನು ಬಿಟ್ಟ ಜಾಗವೇ ಆಗಿರುತ್ತದೆ. ನಾಚಿಕೆಯಿಂದ ಬಿಟ್ಟಿರಬಹುದು, ಗೌರವದಿಂದ ಬಿಟ್ಟಿರಬಹುದು. ನಾನು ನಾಚಿಕೆಯಿಂದ ಬಿಟ್ಟೆ. ನೀವು ಗೌರವದಿಂದ ಬಿಟ್ಟಿದ್ದೀರಿ. ಮೂರು ದಿನದಲ್ಲಿ ಇಂಡೆಕ್ಸ್ ನೋಡಿದಿರಿ, ಕೊಲೇಷನ್ ನೋಡಿದಿರಿ. ಅನುಮಾನ ಇದ್ದ ಆ ಸ್ಕ್ರಿಪ್ಟನ್ನು ತೆರೆದು ನೋಡಿದೆ ಅಂತ ನೀವು ಎಲ್ಲೂ ಬರೆದಿಲ್ಲ.

ಸೀನಿಯರ್ ಹತ್ತಿರ ಹೋಗುವಾಗ ತೀರ್ಪು ತೆಗೆದುಕೊಂಡು ಹೋಗಬೇಡಿ. ಎರಡು ಹೆಸರು ತೆಗೆದುಕೊಂಡು ಹೋಗಿ. ಸಿಗುವ ರಾಮಣ್ಣ, ಸಿಗದ ಗೋಪಾಲ. "ಸರ್, ಇವೆರಡೂ ನಿಮ್ಮ ಸ್ಕ್ರಿಪ್ಟ್ ಮೂಲಕವೇ ಬಂದಿವೆ. ಒಂದು ಸಿಗುತ್ತಿದೆ, ಇನ್ನೊಂದು ಇಲ್ಲ. ಇದನ್ನು ಬರೆದಾಗ ಹೇಗೆ ಯೋಚನೆ ಮಾಡಿದ್ದಿರಿ ಅಂತ ತಿಳಿಯಬೇಕು" ಅನ್ನಿ. ನಿಮಗೆ ನಿಜಕ್ಕೂ ಬೇಕಾಗಿರುವುದು ಅದೇ. ಆ ಕೋಡ್ ಹುಟ್ಟಿದಾಗ ಏನಿತ್ತು ಅನ್ನುವುದು ಅವರ ತಲೆಯಲ್ಲಿ ಮಾತ್ರ ಇದೆ. ಮತ್ತೆ ಮೂರು ದಿನ ಆಯಿತು ಅನ್ನುವುದನ್ನೂ ಹೇಳಿ. ಅದನ್ನು ಮುಚ್ಚಿಡಬೇಡಿ.

---

ಎರಡು_ಕುರ್ಚಿ:

ಹಳೇ ಟರ್ಮಿನಲ್ ಸರ್ ಬರೆದಿದ್ದು ಓದಿ ಗೂಗಲ್‌ನ ಶುರುವಿನ ದಿನಗಳ ಒಂದು ಘಟನೆ ನೆನಪಾಯಿತು. 2000ನೇ ಇಸವಿ. ಅವರ ಸರ್ಚ್ ಇಂಡೆಕ್ಸ್ ತಿಂಗಳುಗಟ್ಟಲೆ ಹೊಸದಾಗಿರಲಿಲ್ಲ. ಹೊಸ ಇಂಡೆಕ್ಸ್ ಕಟ್ಟಲು ಹೋದಾಗಲೆಲ್ಲ ನಡುವೆ ಕೆಟ್ಟುಹೋಗುತ್ತಿತ್ತು. ಅಲ್ಲಿನ ಎಂಜಿನಿಯರ್‌ಗಳಾದ ಜೆಫ್ ಡೀನ್ ಮತ್ತು ಸಂಜಯ್ ಘೇಮಾವತ್ ಇಬ್ಬರೂ ಒಂದೇ ಕಂಪ್ಯೂಟರ್ ಮುಂದೆ ಕೂತು, ಕೋಡ್ ಬಿಟ್ಟು ಡೇಟಾದ ಸೊನ್ನೆ ಒಂದುಗಳನ್ನೇ ನೋಡಿದರು. ಸೊನ್ನೆ ಇರಬೇಕಾದ ಕಡೆ ಒಂದು, ಒಂದು ಇರಬೇಕಾದ ಕಡೆ ಸೊನ್ನೆ. ತಪ್ಪು ಪ್ರೋಗ್ರಾಂನಲ್ಲಿ ಇರಲೇ ಇಲ್ಲ, ಅಗ್ಗದ ಯಂತ್ರಗಳ ಮೆಮೊರಿಯಲ್ಲಿತ್ತು. ಆಮೇಲೆ ಹಾರ್ಡ್‌ವೇರ್ ಕೈಕೊಟ್ಟರೂ ನಡೆಯುವ ಹಾಗೆ ಕೋಡ್ ಬರೆದರು.

ಒಬ್ಬರೇ ಕೂತಿದ್ದರೆ "ಮೆಮೊರಿಯೇ ಸುಳ್ಳು ಹೇಳುತ್ತಿದೆ" ಅಂತ ಬಾಯಿಬಿಟ್ಟು ಹೇಳಲು ಧೈರ್ಯ ಬರುವುದು ಕಷ್ಟ. ಯಾರಾದರೂ ನಗುತ್ತಾರೆ ಅಂತ ಅನಿಸುತ್ತದೆ. ಆ ಇಬ್ಬರೂ ಗೂಗಲ್‌ಗೆ ಬರುವ ಮೊದಲೇ ಡಿಜಿಟಲ್ (ಡಿಇಸಿ) ಅನ್ನುವ ಕಂಪ್ಯೂಟರ್ ಕಂಪನಿಯ ಸಂಶೋಧನಾ ವಿಭಾಗದಲ್ಲಿದ್ದಾಗಿನಿಂದ ಜೊತೆಗೆ ಕೋಡ್ ಬರೆದವರು. ಇಂದಿಗೂ ಅವರ ಹೆಸರು ಜೋಡಿಯಾಗಿಯೇ ಬರುತ್ತದೆ.

ನಮ್ಮ ತಂಡದಲ್ಲಿ ನಾನು ಮತ್ತು ನನ್ನ ಗೆಳೆಯ ಹೀಗೆ ಕೂರುತ್ತೇವೆ. ಒಂದು ನಿಯಮ ಇದೆ: ಕೀಬೋರ್ಡ್ ಯಾರದೋ ಅವರ ಕೈಯಲ್ಲೇ ಇರಬೇಕು. ನೋಡಲು ಬಂದವರು ಕಸಿದುಕೊಳ್ಳಬಾರದು. ಉತ್ತರ ಗೊತ್ತಿದ್ದರೂ ಬಾಯಲ್ಲಿ ಹೇಳಬೇಕು, ಕೈ ಹಾಕಬಾರದು. ಕಸಿದುಕೊಂಡವರನ್ನು ಯಾರೂ ಎರಡನೇ ಸಲ ಕರೆಯುವುದಿಲ್ಲ.

---

ಕರಾವಳಿ_ಕೋಡರ್:

ಹಿರಿಯರು ಬರೆದದ್ದಕ್ಕೆ ಗೌರವ ಇದೆ. ಆದರೆ ನನಗೆ ಪೂರ್ತಿ ಒಪ್ಪಲು ಆಗುತ್ತಿಲ್ಲ, ಅದನ್ನು ಹೇಳಲೇಬೇಕು.

ಎಲ್ಲ ಕಡೆ ಅಂಥ ಅಕ್ಕ ಇರುವುದಿಲ್ಲ. ನಾನು ಮೊದಲು ಇದ್ದ ಕಡೆ ಒಂದು ಸಲ ಹೀಗೇ ಮನಸ್ಸು ಬಿಚ್ಚಿ ಹೇಳಿದೆ. ಒಂದು ಟೆಸ್ಟ್ ಬಿಟ್ಟುಬಿಟ್ಟಿದ್ದೆ, ಅದರಿಂದ ಒಂದು ತೊಂದರೆ ಗ್ರಾಹಕರವರೆಗೆ ಹೋಯಿತು. ನಾನೇ ಹೋಗಿ ಹೇಳಿದೆ. ಆಗ "ಹೇಳಿದ್ದು ಒಳ್ಳೆಯದಾಯಿತು" ಅಂದರು. ಮಾರ್ಚ್‌ನಲ್ಲಿ ಅಪ್ರೈಸಲ್ ಹಾಳೆಯಲ್ಲಿ ಅದೇ ವಾಕ್ಯ ಬರೆದಿತ್ತು. ದಿನಾಂಕದ ಸಮೇತ. ಅದಾದ ಮೇಲೆ ಇಡೀ ತಂಡದಲ್ಲಿ ಯಾರೂ ಏನನ್ನೂ ಹೇಳುತ್ತಿರಲಿಲ್ಲ. ಬಗ್‌ಗಳು ಕಡಿಮೆ ಆಗಲಿಲ್ಲ, ನಮಗೆ ಗೊತ್ತಾಗುವುದು ತಡವಾಗುತ್ತಿತ್ತು ಅಷ್ಟೇ.

ಹಾಗಾಗಿ ಕಿರಿಯರಿಗೆ "ನಂಬಿ, ಹೋಗಿ ಹೇಳಿ" ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಮೊದಲ ಹೆಜ್ಜೆ ಇಡಬೇಕಾದವರು ಸಂಬಳ, ಬಡ್ತಿ ಕೈಯಲ್ಲಿ ಇರುವವರು. ಈಗ ನನ್ನ ಕೆಳಗೆ ನಾಲ್ಕು ಜನ ಇದ್ದಾರೆ. ಸೋಮವಾರದ ಮೀಟಿಂಗ್‌ನಲ್ಲಿ ಮೊದಲು ನಾನು ಹೇಳುತ್ತೇನೆ: ಹೋದ ವಾರ ನಾನು ಎಲ್ಲಿ ಸಿಕ್ಕಿಹಾಕಿಕೊಂಡಿದ್ದೆ, ಯಾವ ತಪ್ಪು ಮಾಡಿದೆ, ಯಾರು ಬಿಡಿಸಿದರು. ಶುರು ಮಾಡಿದಾಗ ನಾಲ್ಕೈದು ವಾರ ನಾನೊಬ್ಬನೇ ಮಾತಾಡುತ್ತಿದ್ದೆ. ಆಮೇಲೆ ಒಬ್ಬ ಹುಡುಗ ಬಾಯಿಬಿಟ್ಟ.

ಧಾರವಾಡ ಮಳೆ ಅವರೇ, ಹೋಗುವ ಮೊದಲು ಒಂದು ನೋಡಿ. ಆ ಸೀನಿಯರ್ ಬೇರೆಯವರ ತಪ್ಪನ್ನು ಅವರಿಲ್ಲದಾಗ ಹೇಗೆ ಮಾತಾಡುತ್ತಾರೆ? ಅದು ನಿಮಗೆ ಗೊತ್ತಿರುತ್ತದೆ.

---

ಹಳೇ_ಟರ್ಮಿನಲ್:

ಕರಾವಳಿ ಕೋಡರ್, ನೀವು ಹೇಳಿದ್ದು ಸರಿ. ನನ್ನ ಕಥೆಯಲ್ಲೂ ಮೊದಲ ಹೆಜ್ಜೆ ಇಡಬೇಕಾದವನು ನಾನಾಗಿದ್ದೆ, ಏಕೆಂದರೆ ತಪ್ಪು ನನ್ನದು. ಆದರೆ ಬಾಗಿಲು ತೆರೆದವರು ಅಕ್ಕ. ಅವರು ಬೇರೆ ಥರದವರಾಗಿದ್ದರೆ ಇವತ್ತು ಈ ಮಾತು ಬರೆಯಲು ನನಗೆ ಆಗುತ್ತಿರಲಿಲ್ಲ. ನಿಮ್ಮ ಹಾಳೆಯಲ್ಲಿ ಆ ವಾಕ್ಯ ಬರೆದವರು ನಿಮ್ಮೊಬ್ಬರಿಗಲ್ಲ, ಆ ತಂಡಕ್ಕೇ ಅನ್ಯಾಯ ಮಾಡಿದರು.

ಹಾಗಾದರೆ ತಂಗಿಗೆ ಇಷ್ಟು ಹೇಳುತ್ತೇನೆ. ದೊಡ್ಡದನ್ನು ಒಮ್ಮೆಲೇ ಇಡಬೇಡಿ. ಮೊದಲು ಒಂದು ಸಣ್ಣ ಪ್ರಶ್ನೆ ಇಟ್ಟು ನೋಡಿ. ಅದನ್ನು ಅವರು ಹೇಗೆ ತೆಗೆದುಕೊಳ್ಳುತ್ತಾರೆ ಅನ್ನುವುದರಲ್ಲಿ ಮುಂದಿನದು ಗೊತ್ತಾಗುತ್ತದೆ.

---

ಧಾರವಾಡ_ಮಳೆ:

ಎಲ್ಲರಿಗೂ ಮನಸಾರೆ ಧನ್ಯವಾದ. ನಿನ್ನೆ ರಾತ್ರಿ ನಿಮ್ಮ ಮಾತುಗಳನ್ನು ಎರಡೆರಡು ಸಲ ಓದಿದೆ. ಇವತ್ತು ನಡೆದದ್ದನ್ನು ಬರೆಯುತ್ತೇನೆ.

ಬೆಳಿಗ್ಗೆ ಮೊದಲು ಉದ್ದ ಅಳೆದೆ. ನಾನು ಟೈಪ್ ಮಾಡಿದ ಗೋಪಾಲ 5. ಡೇಟಾದ ಗೋಪಾಲ 7. ಬೈಟ್ ಲೆಕ್ಕದಲ್ಲಿ 15 ಮತ್ತು 21. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ಚುಕ್ಕೆಯಷ್ಟೂ ವ್ಯತ್ಯಾಸ ಕಾಣುವುದಿಲ್ಲ!

ಕರಾವಳಿ ಕೋಡರ್ ಅವರ ಪ್ರಶ್ನೆಯನ್ನೂ ಯೋಚನೆ ಮಾಡಿದೆ. ಎರಡು ವರ್ಷದಲ್ಲಿ ಸರ್ ಯಾರ ಬಗ್ಗೆಯೂ ಹಿಂದಿನಿಂದ ಮಾತಾಡಿದ್ದು ನಾನು ಕೇಳಿಲ್ಲ. ಅದು ಧೈರ್ಯ ಕೊಟ್ಟಿತು. ಮಧ್ಯಾಹ್ನ ಊಟ ಆದ ಮೇಲೆ ಎರಡು ಹೆಸರು, ಎರಡು ಅಂಕಿ ಒಂದು ಹಾಳೆಯಲ್ಲಿ ಬರೆದುಕೊಂಡು ಹೋದೆ. "ಸರ್, ಮೂರು ದಿನದಿಂದ ಮುಂದೆ ಹೋಗಲು ಆಗಿಲ್ಲ, ದಿನಾ ಮುಗಿಯುತ್ತದೆ ಅಂದಿದ್ದು ತಪ್ಪಾಯಿತು" ಅಂತ ಮೊದಲು ಹೇಳಿದೆ. ಆಮೇಲೆ ಹಾಳೆ ಕೊಟ್ಟೆ.

ಅವರು ಹಾಳೆಯನ್ನೇ ನೋಡುತ್ತಾ ಕೂತರು. ನನಗೆ ಕೈ ತಣ್ಣಗಾಗಿತ್ತು. ಆಮೇಲೆ ಪಕ್ಕದ ಕುರ್ಚಿ ಎಳೆದು "ಕೂತ್ಕೊಳವ್ವಾ" ಅಂದರು.

ಆ ಸ್ಕ್ರಿಪ್ಟನ್ನು ಅವರು ಬರೆದದ್ದು ಪ್ರಿಂಟ್ ತೆಗೆಯಲು ಮಾತ್ರವಂತೆ. ಸಂಘದ ವಾರ್ಷಿಕ ಸಭೆಗೆ ಸದಸ್ಯರ ಪಟ್ಟಿ ಹಾಕಬೇಕಿತ್ತು, ಒಂದೇ ರಾತ್ರಿಯಲ್ಲಿ ಬರೆದರಂತೆ. ಹುಡುಕುವ ಮಾತೇ ಆಗ ಇರಲಿಲ್ಲ. ಪ್ರಿಂಟ್‌ಗೆ ಕಣ್ಣಿಗೆ ಸರಿ ಕಂಡರೆ ಸಾಕು, ಅಲ್ವಾ? ಆ ಕೆಲಸಕ್ಕೆ ಅದು ಪೂರ್ತಿ ಸರಿ ಇತ್ತು. ಇದನ್ನು ಕೇಳದೆ ಹೋಗಿದ್ದರೆ ಅವರು ತಪ್ಪು ಮಾಡಿದ್ದಾರೆ ಅಂತಲೇ ನಾನು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಿದ್ದೆ.

ಕಾರಣವನ್ನೂ ಅವರೇ ಬಿಡಿಸಿ ಹೇಳಿದರು. ಹಳೆಯ ನುಡಿ ಫಾಂಟ್‌ನಲ್ಲಿ ಅಕ್ಷರವನ್ನು ತುಂಡು ತುಂಡಾಗಿ ಜೋಡಿಸುತ್ತಿದ್ದರು. "ಗೋ" ಬರೆಯಲು ಎತ್ವದ ಗ, ಅದರ ಮುಂದೆ ಒಂದು ಕೊಂಬಿನ ತುಂಡು, ಕೊನೆಗೆ ದೀರ್ಘದ ತುಂಡು. ಸ್ಕ್ರಿಪ್ಟ್ ಆ ತುಂಡುಗಳನ್ನು ಹಾಗೇ ಒಂದೊಂದಾಗಿ ಯೂನಿಕೋಡ್‌ಗೆ ತಂದಿತ್ತು. ಯೂನಿಕೋಡ್‌ನಲ್ಲಿ ಓ ಸ್ವರಕ್ಕೆ ಒಂದೇ ಗುರುತೂ ಇದೆ, ಮೂರು ತುಂಡು ಸೇರಿಸಿದರೂ ಅದೇ ರೂಪ ಬರುತ್ತದೆ. ಇಂಥ ಸ್ವರದ ಗುರುತುಗಳು ಕನ್ನಡದಲ್ಲಿ ಐದು: ಈ, ಏ, ಐ, ಒ, ಓ. ಅದಕ್ಕೇ ನನ್ನ ದೀರ್ಘದ ಲೆಕ್ಕ ತಪ್ಪಿದ್ದು! ಆ ಮತ್ತು ಊ ದೀರ್ಘವೇ ಆದರೂ ಒಂದೇ ತುಂಡು, ಔ ಕೂಡ ಹಾಗೇ. ಆದ್ದರಿಂದ ರಾಮಣ್ಣ, ಮೂಕಪ್ಪ, ಗೌರಮ್ಮ ಸಿಗುತ್ತಿದ್ದರು. ಒ ಹ್ರಸ್ವ ಆದರೂ ಎರಡು ತುಂಡು, ಆದ್ದರಿಂದ ಕೊಟ್ರಪ್ಪ ಸಿಗುತ್ತಿರಲಿಲ್ಲ.

ಪರಿಹಾರ ನಾನು ಹುಡುಕಿದೆ. ಪೋಸ್ಟ್‌ಗ್ರೆಸ್ 13ರಿಂದ ನಾರ್ಮಲೈಸ್ ಅನ್ನುವ ಫಂಕ್ಷನ್ ಇದೆ. ಅದರಿಂದ ಎನ್‌ಎಫ್‌ಸಿ ಅನ್ನುವ ಯೂನಿಕೋಡ್‌ನ ಜೋಡಿಸಿದ ರೂಪಕ್ಕೆ ತಂದರೆ ತುಂಡುಗಳೆಲ್ಲ ಒಂದೇ ಗುರುತಾಗುತ್ತವೆ. ಇಬ್ಬರೂ ಕೂತು ಹಳೆಯ ಹೆಸರುಗಳನ್ನೆಲ್ಲ ಹಾಗೆ ತಿರುಗಿಸಿದೆವು. ಹೊಸದಾಗಿ ಸೇರಿಸುವಾಗ, ಹುಡುಕುವಾಗ, ಎರಡು ಕಡೆಯೂ ಅದೇ ಹಾಕಿದೆವು. ಗೋಪಾಲ ಸಿಕ್ಕರು. ಲೀಲಾವತಿ ಸಿಕ್ಕರು.

ಆಗ ಸರ್ ಒಂದು ಮಾತು ಹೇಳಿದರು. ಬೇರೊಂದು ಸಂಘದ ಕಾರ್ಯದರ್ಶಿ ಬಹಳ ದಿನದಿಂದ ಅವರಿಗೆ ಫೋನ್ ಮಾಡಿ, ಪಟ್ಟಿಯಲ್ಲಿ ಒಂದೇ ಹೆಸರಿನವರು ಎರಡು ಸಲ ಬರುತ್ತಾರೆ ಅಂತ ಹೇಳುತ್ತಿದ್ದರಂತೆ. ಇವರಿಗೆ ಕಾರಣ ಸಿಕ್ಕಿರಲಿಲ್ಲವಂತೆ. "ಯಾರನ್ನ ಕೇಳಬೇಕು ಅಂತ ಗೊತ್ತಾಗಲಿಲ್ಲ" ಅಂದರು. ಹದಿನೈದು ವರ್ಷ ಅನುಭವ ಇರುವವರು ಹಾಗೆ ಅಂದಾಗ ನನಗೆ ಏನು ಹೇಳಬೇಕು ತೋಚಲಿಲ್ಲ. ಹಳೆಯದು ತುಂಡುಗಳಲ್ಲಿ, ಆಮೇಲೆ ಟೈಪ್ ಮಾಡಿದ್ದು ಒಂದೇ ಗುರುತಿನಲ್ಲಿ. ಎರಡನ್ನೂ ಡೇಟಾಬೇಸ್ ಬೇರೆ ಬೇರೆ ಅಂತ ತಿಳಿದಿದೆ. ಅದನ್ನು ನಾಳೆ ಜೊತೆಗೆ ನೋಡೋಣ ಅಂದಿದ್ದಾರೆ.

ಒಂದು ಉಳಿದಿದೆ. ರಾಜ್‌ಶೇಖರ್ ಥರದ ಕೆಲವು ಹೆಸರು ಈಗಲೂ ಸಿಗುತ್ತಿಲ್ಲ. ಎನ್‌ಎಫ್‌ಸಿ ಮಾಡಿದರೂ ಉದ್ದದಲ್ಲಿ ಒಂದು ಜಾಸ್ತಿ ಬರುತ್ತಿದೆ. ಇದು ಸರ್‌ಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. "ನೀನು ಕೇಳಿದೆಯಲ್ಲ, ಅಲ್ಲೇ ಕೇಳು" ಅಂತ ಅವರೇ ಹೇಳಿದರು.

---

ಬೈಟ್_ಎಣಿಕೆ:

7 ಅಂತ ನೋಡಿ ತುಂಬಾ ಖುಷಿಯಾಯಿತು ಮೇಡಂ. ನಿಮ್ಮ ಸರ್‌ಗೂ ನಮಸ್ಕಾರ ಹೇಳಿ.

ಆ ಹೆಚ್ಚಿನ ಒಂದು ಅನ್ನುವುದು ಕಣ್ಣಿಗೆ ಕಾಣದ ಗುರುತು, ಝಡ್‌ಡಬ್ಲ್ಯುಎನ್‌ಜೆ. ರಾಜ್ ಮತ್ತು ಶೇಖರ್ ನಡುವೆ ಒತ್ತಕ್ಷರ ಆಗದಂತೆ ತಡೆಯಲು ಅದನ್ನು ಹಾಕುತ್ತಾರೆ. ಎನ್‌ಎಫ್‌ಸಿ ಅದನ್ನು ತೆಗೆಯುವುದಿಲ್ಲ. ಹೆಸರಿನಿಂದ ಅದನ್ನು ಅಳಿಸಬೇಡಿ. ಅಳಿಸಿದರೆ ರಸೀದಿಯಲ್ಲಿ ಜ ಕೆಳಗೆ ಶ ಒತ್ತು ಬಂದು ಕೂರುತ್ತದೆ, ಆ ಮನುಷ್ಯನಿಗೆ ತನ್ನ ಹೆಸರು ತನ್ನದು ಅನಿಸುವುದಿಲ್ಲ. ಹುಡುಕಲು ಮಾತ್ರ ಬೇರೆ ಒಂದು ಕಾಲಂ ಮಾಡಿ. ಅದರಲ್ಲಿ ಎನ್‌ಎಫ್‌ಸಿ ಮಾಡಿ, ಈ ಗುರುತು ತೆಗೆದು ಇಡಿ. ಹುಡುಕುವವರು ಟೈಪ್ ಮಾಡಿದ್ದಕ್ಕೂ ಅದನ್ನೇ ಮಾಡಿ. ಝಡ್‌ಡಬ್ಲ್ಯುಜೆ ಅಂತ ಇನ್ನೊಂದು ಕಾಣದ ಗುರುತಿದೆ, ಕೆಲವರು ಸೂರ‍್ಯ ಅಂತ ಬರೆಯಲು ಅದನ್ನು ಬಳಸುತ್ತಾರೆ. ಅದನ್ನೂ ಆ ಕಾಲಂನಿಂದ ತೆಗೆಯಿರಿ.

ನಾಳೆ ಎರಡು ಸಲ ಬರುವ ಹೆಸರು ನೋಡುವಾಗ ಅವಸರದಲ್ಲಿ ಒಂದನ್ನು ಅಳಿಸಬೇಡಿ. ಒಂದೇ ಊರಲ್ಲಿ ಇಬ್ಬರು ಗೋಪಾಲ ಇರಬಹುದು. ಖಾತೆ ನಂಬರ್ ನೋಡಿ, ಕಾರ್ಯದರ್ಶಿಯವರನ್ನು ಫೋನ್‌ನಲ್ಲಿ ಕೇಳಿ, ಆಮೇಲೆ ಸೇರಿಸಿ.